ಕಾಫಿ ಕೊಯ್ಲಿನ ಒತ್ತಡ: ತೋಟದ ರೈಟರ್‌ಗೆ ಕೋಚಿಂಗ್‌ನಿಂದ ಉಪಯೋಗವಿದೆಯೇ?

ಸಿದ್ದಾಪುರದ ರೈಟರ್ ಕೇಳಿದ್ದು:

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಈಗ ರೊಬಸ್ಟಾ ಕೊಯ್ಲು. ಬೆಳಿಗ್ಗೆ ಹಾಜರಿ, ಸಂಜೆ ತೂಕ. ತೂಕದ ಹೊತ್ತೇ ನನಗೆ ಕಷ್ಟ. ಚೀಲದಲ್ಲಿ ಎಲೆ, ಹಸಿರು ಕಾಯಿ ಇದೆಯೆಂದು ತೂಕದಲ್ಲಿ ಕಳೆದರೆ ಕೊಯ್ದವರ ಕೂಲಿಗೆ ಹೊಡೆತ. ಕಳೆಯದಿದ್ದರೆ ಮಾಲೀಕರು ಬಿಡುವುದಿಲ್ಲ. ಮೊನ್ನೆ ಒಬ್ಬ ಹೆಂಗಸು ಚೀಲವನ್ನು ನನ್ನ ಕಾಲ ಬಳಿ ಸುರಿದು, 'ನೀವೇ ಆರಿಸಿ ತೋರಿಸಿ' ಎಂದಳು. ಅವಳ ಕೋಪದಲ್ಲಿ ನ್ಯಾಯವಿತ್ತು. ಆನೆ ಬಂದಿದೆಯೆಂದು ಅರಣ್ಯ ಇಲಾಖೆಯವರು ತಿಳಿಸಿದ ದಿನ ಆ ಭಾಗಕ್ಕೆ ಆಳು ಕಳುಹಿಸುವಂತಿಲ್ಲ, ಆದರೂ ಹಣ್ಣಿನ ಲೆಕ್ಕ ಕಡಿಮೆಯಾಗಬಾರದು. ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ವಾಟ್ಸ್‌ಆ್ಯಪ್ ಸಂದೇಶ ನಾನು ಊಟಕ್ಕೆ ಕುಳಿತ ಮೇಲೆ ಶುರುವಾಗುತ್ತದೆ. ಹಾಸಿಗೆಯಲ್ಲಿಯೂ ಕೆಜಿ ಲೆಕ್ಕವೇ ತಲೆಯಲ್ಲಿ.

ಮಾಲೀಕರ ಮಗಳು ಕಾಳಜಿಯಿಂದಲೇ, ಕೆಲಸದ ಒತ್ತಡ ನಿಭಾಯಿಸಲು ನೆರವಾಗುವ ಒಬ್ಬ ಕೋಚ್‌ರನ್ನು ಗೊತ್ತುಮಾಡಿದ್ದಾರೆ. ವಾರಕ್ಕೊಮ್ಮೆ ವಿಡಿಯೋ ಕರೆ. ಮೊದಲ ದಿನ ಅವರು ಬರೀ ಪ್ರಶ್ನೆಗಳನ್ನೇ ಕೇಳಿದರು, ಒಂದು ಸಲಹೆಯನ್ನೂ ಕೊಡಲಿಲ್ಲ. ಮುಂದುವರಿಸಲೇ?

ಗೋಣಿಕೊಪ್ಪದ ಅಕ್ಕ:

ಮುಂದುವರಿಸಿ ತಮ್ಮಾ. ನಾನು ರೆಸಾರ್ಟ್ ಒಂದರ ಸ್ವಾಗತ ವಿಭಾಗದಲ್ಲಿದ್ದೇನೆ. ದಸರಾ ರಜೆಯಲ್ಲಿ, ಕ್ರಿಸ್‌ಮಸ್ ವಾರದಲ್ಲಿ ನಮ್ಮ ಪಾಡೂ ನಿಮ್ಮದೇ. ಕೋಚ್ ಪ್ರಶ್ನೆ ಕೇಳುವುದು ಅವರ ಕೆಲಸದ ರೀತಿ. ಜಾನ್ ವಿಟ್‌ಮೋರ್ ಅವರಿಂದ ಹೆಸರಾದ 'ಗ್ರೋ' ಎಂಬ ಕ್ರಮವಿದೆ: ನಿಮಗೇನು ಬೇಕು, ಈಗ ಏನು ನಡೆಯುತ್ತಿದೆ, ಯಾವ ದಾರಿಗಳಿವೆ, ಅದರಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ. ನನಗೂ ಮೊದಲು ಸಿಡಿಮಿಡಿಯಾಯಿತು. ಆದರೆ 'ದಿನದ ಯಾವ ಹೊತ್ತಿನಲ್ಲಿ ನಿಮ್ಮ ಮಾತು ಒರಟಾಗುತ್ತದೆ?' ಎಂದು ಕೇಳಿದಾಗ ಯೋಚಿಸಬೇಕಾಯಿತು. ಅತಿಥಿಗಳು ಬರುವ ಮಧ್ಯಾಹ್ನವಲ್ಲ, ಪಾಳಿ ಬದಲಾಗುವ ಸಂಜೆ! ಬಾಕಿ ಕೆಲಸವನ್ನು ಬಾಯಲ್ಲಿ ಹೇಳಿ ಹೋಗುವುದು, ಮನೆಗೆ ಹೋದ ಮೇಲೆ ಫೋನ್ ಬರುವುದು. ಈಗ ಕೋಣೆಯ ಬೀಗದಕೈಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿದ ಕೂಡಲೇ ಬಾಕಿ ಕೆಲಸವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇನೆ. ಬೀಗದಕೈ ಎಣಿಸುವುದು ಹೇಗೂ ತಪ್ಪದ ಕೆಲಸ. ಹೊಸ ಅಭ್ಯಾಸವನ್ನು ಅದಕ್ಕೇ ಕಟ್ಟಿದ್ದರಿಂದ ಉಳಿಯಿತು.

21 ದಿನಕ್ಕೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ ನಿರಾಶರಾಗಬೇಡಿ. 2009ರಲ್ಲಿ ಪ್ರಕಟವಾದ, ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಅಭ್ಯಾಸ ಕೂಡಿಬರಲು ಸುಮಾರು 66 ದಿನ ಬೇಕಾಯಿತು. ಅದೂ ಒಬ್ಬೊಬ್ಬರಿಗೆ ಒಂದೊಂದು ತರಹ, 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದರೆ ಕೆಡುವುದಿಲ್ಲವೆಂಬುದೂ ಅದರಲ್ಲೇ ಇದೆ. ಮಳೆಗಾಲದ ಕರೆಂಟಿನಂತೆ ಒಮ್ಮೊಮ್ಮೆ ಹೋಗುತ್ತದೆ, ಮತ್ತೆ ಬರುತ್ತದೆ.

ಒಂದು ಮಾತು ಮಾತ್ರ ಮೊದಲೇ ಕೇಳಿಕೊಳ್ಳಿ: ನೀವು ಹೇಳಿದ್ದರಲ್ಲಿ ಮಾಲೀಕರ ಕಿವಿಗೆ ಏನು ಹೋಗುತ್ತದೆ? ಹಣ ಕೊಡುವವರು ಅವರು. ಕೋಚ್ ಇದಕ್ಕೆ ಸ್ಪಷ್ಟ ಉತ್ತರ ಕೊಡದಿದ್ದರೆ ಮನಸ್ಸು ಬಿಚ್ಚಬೇಡಿ.

ಕುಶಾಲನಗರದಿಂದ:

ನನಗೆ ಅಕ್ಕನ ಮಾತು ಅರ್ಧ ಸರಿ ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಕೆಲಸದಿಂದ ಪೂರ್ತಿ ಬಸವಳಿಯುವ 'ಬರ್ನ್‌ಔಟ್' ಅನ್ನು ಕಾಯಿಲೆಯೆಂದು ಹೇಳದೆ, ಬಹುಕಾಲ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ರಾತ್ರಿಯ ಸಂದೇಶ, ಆನೆ ಬಂದ ದಿನದ ಲೆಕ್ಕ: ಇವನ್ನು ಸರಿಪಡಿಸಬೇಕಾದವರು ಮಾಲೀಕರು. ರೈಟರ್ ಒಬ್ಬರೇ ಉಸಿರಾಟದ ವ್ಯಾಯಾಮ ಮಾಡಿಕೊಂಡು ಸಹಿಸಬೇಕೆನ್ನುವುದು ಅನ್ಯಾಯ. ಕೋಚ್ ಜೊತೆ ಕುಳಿತು ಮಾಲೀಕರ ಮುಂದೆ ಏನು ಹೇಳಬೇಕೆಂದು ತಯಾರಿ ಮಾಡಿಕೊಳ್ಳಿ, ಆಗ ಆ ಗಂಟೆಗೆ ಬೆಲೆ ಬರುತ್ತದೆ.

ಮಡಿಕೇರಿಯ ನರ್ಸ್:

ರೈಟರ್ ಸರ್, ನಿದ್ದೆ ಬಾರದಿರುವುದು ಎಷ್ಟು ಕಾಲದಿಂದ? ಕೋಚ್ ವೈದ್ಯರಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ವೈದ್ಯರನ್ನು ಕಾಣಿ. ಕುಡಿತ ಹೆಚ್ಚಾಗಿದ್ದರೂ ಸಂಕೋಚವಿಲ್ಲದೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಸಿದ್ದಾಪುರದ ರೈಟರ್:

ಎಲ್ಲರಿಗೂ ಧನ್ಯವಾದಗಳು. ನಿದ್ದೆಯ ತೊಂದರೆ ಕೊಯ್ಲು ಶುರುವಾದ ಮೇಲಿನದು. ಕಡಿಮೆಯಾಗದಿದ್ದರೆ ಖಂಡಿತ ತೋರಿಸುತ್ತೇನೆ, ಮೇಡಂ. ಅಕ್ಕ ಹೇಳಿದ್ದನ್ನು ಕೋಚ್‌ಗೆ ಕೇಳಿದೆ. ನಾನು ಒಪ್ಪದೆ ಯಾವ ಮಾತೂ ಹೊರಗೆ ಹೋಗುವುದಿಲ್ಲವೆಂದು ಬರೆದೇ ಕೊಟ್ಟರು. ಹಾಗಾಗಿ ಮುಂದುವರಿಸುತ್ತಿದ್ದೇನೆ. ತೂಕದ ಪುಸ್ತಕ ಮುಚ್ಚಿದ ಕೂಡಲೇ ಆ ದಿನದ ಲೆಕ್ಕವನ್ನು ಒಂದೇ ಸಂದೇಶದಲ್ಲಿ ನಾನೇ ಕಳುಹಿಸುವುದು, ಅದಾದ ಮೇಲೆ ಏನಿದ್ದರೂ ಬೆಳಿಗ್ಗೆ ಎಂದು ಮಾಲೀಕರನ್ನು ಕೇಳಿಕೊಳ್ಳುವುದು ಎಂದು ತೀರ್ಮಾನಿಸಿದ್ದೇನೆ. ಬಟವಾಡೆಯ ದಿನ ಅವರು ತೋಟಕ್ಕೆ ಬರುತ್ತಾರೆ, ಆಗಲೇ ಮಾತು. ಹಸಿರು ಕಾಯಿಗೆ ಎಷ್ಟು ಕಳೆಯಬೇಕೆಂಬುದನ್ನೂ ಅವರೇ ಹೇಳಲಿ. ಆಳುಗಳಿಗೆ ಕಾಣುವಂತೆ ತೂಕದ ಜಾಗದಲ್ಲಿ ಬರೆದು ಹಾಕುತ್ತೇನೆ. ಬೇರೆ ತೋಟಗಳ ರೈಟರ್‌ಗಳು ಇಲ್ಲಿದ್ದರೆ, ನಿಮ್ಮಲ್ಲಿ ಈ ಕಡಿತವನ್ನು ಹೇಗೆ ಲೆಕ್ಕ ಹಾಕುತ್ತೀರಿ ಎಂದು ದಯವಿಟ್ಟು ತಿಳಿಸಿ.