‘ಇನ್‌ಕ್ರೆಡಿಬಲ್’ ಅಜ್ಜಿ ಮತ್ತು ‘ಈವಿಲ್ ಐ’: ನಂಬಿಕೆ, ಅದೃಷ್ಟಗಳ ಇಂಗ್ಲಿಷ್ ಪದಗಳನ್ನು ಮಕ್ಕಳಿಗೆ ಹೇಗೆ ಕಲಿಸುವುದು?

ಪ್ರಶ್ನೆ: ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಯ ಹಿರಿಯರು ಪಾಲಿಸುವ ನಂಬಿಕೆಗಳ ಬಗ್ಗೆ ಹತ್ತು ವಾಕ್ಯ ಬರೆದು ತರುವಂತೆ ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಅಡ್ಡ ಬಂದ ಬೆಕ್ಕು, ಒಂಟಿ ಸೀನು, ಅಂಗಡಿಯ ಬಾಗಿಲಿಗೆ ಕಟ್ಟುವ ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿ, ಹೊಸ ಮನೆಯ ಮುಂದೆ ತೂಗುವ ಬೂದುಗುಂಬಳಕಾಯಿ ಎಲ್ಲವೂ ಅವರ ಬರಹದಲ್ಲಿ ಬಂದಿದ್ದವು. ವಿಷಯಕ್ಕೆ ಕೊರತೆಯಿರಲಿಲ್ಲ, ತೊಡಕಾದದ್ದು ಪದಗಳಲ್ಲಿ.

ಒಬ್ಬ ಹುಡುಗಿ ‘ಮೈ ಗ್ರ್ಯಾಂಡ್‌ಮದರ್ ಈಸ್ ಇನ್‌ಕ್ರೆಡಿಬಲ್’ ಎಂದು ಬರೆದಿದ್ದಳು. ಅಜ್ಜಿ ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂಬುದು ಅವಳ ಮನಸ್ಸಿನಲ್ಲಿದ್ದ ಮಾತು. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ‘ಇನ್‌ಕ್ರೆಡ್ಯುಲಸ್’ ಎಂದು ತಿದ್ದಿದೆನಾದರೂ ಅದೂ ಸರಿಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಇನ್ನೊಬ್ಬ ಹುಡುಗ, ತಮ್ಮನಿಗೆ ಎಣ್ಣೆ ನೀರು ಹಾಕಿ ಬೊಟ್ಟಿಟ್ಟ ಅಮ್ಮ ‘ನನ್ನ ದೃಷ್ಟಿಯೇ ತಾಗೀತು’ ಎಂದು ನೆಟಿಕೆ ಮುರಿದದ್ದನ್ನು ವರ್ಣಿಸಲು ಹೋಗಿ, ಅಮ್ಮ ಮಗುವಿನ ಮೇಲೆ ‘ಈವಿಲ್ ಐ’ ಹಾಕಿದಳು ಎಂದು ಬರೆದಿದ್ದ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಓದಿ ನನ್ನ ಎದೆ ಧಸಕ್ಕೆಂದಿತು. ಇಂಥ ಪದಗಳನ್ನು ಮಕ್ಕಳು ಬಾಯಿಪಾಠ ಮಾಡದೆ ಅರಿತು ಬಳಸುವಂತೆ ಮಾಡುವ ದಾರಿ ಯಾವುದು?

ಉತ್ತರ 1: ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ನಿಮ್ಮ ವಿದ್ಯಾರ್ಥಿನಿ ಅಜಾಗರೂಕತೆಯಿಂದ ತಪ್ಪು ಮಾಡಿದ್ದಲ್ಲ. ನಮ್ಮಲ್ಲಿ ‘ನಂಬು’ ಎಂಬ ಒಂದೇ ಧಾತು ಹೇಳುವವನಿಗೂ ಕೇಳುವವನಿಗೂ ಹೇಳಿದ ಮಾತಿಗೂ ಸಾಲುತ್ತದೆ. ಅದರ ಮುಂದೆ ಬರುವ ರೂಪಗಳೇ ‘ನಂಬದವರು’ ಯಾರು, ‘ನಂಬಲಾಗದ’ದ್ದು ಯಾವುದು ಎಂಬುದನ್ನು ತಿಳಿಸಿಬಿಡುತ್ತವೆ. ಇಂಗ್ಲಿಷಿನವರಾದರೋ ಲ್ಯಾಟಿನ್ನಿನ ‘ಕ್ರೆಡೆರೆ’ ಎಂಬ ನಂಬುವ ಕ್ರಿಯೆಯಿಂದ ಹುಟ್ಟಿದ ಬೇರೆ ಬೇರೆ ಪದಗಳನ್ನು ಸಿದ್ಧವಾಗಿ ತಂದಿಟ್ಟುಕೊಂಡಿದ್ದಾರೆ, ಮತ್ತು ಅವುಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ಪದದ ಬಾಲವೇ ನಿರ್ಧರಿಸುತ್ತದೆ. ‘ಇಬಲ್’ ಎಂದು ಮುಗಿದರೆ ಅದು ನಂಬಿಕೆಗೆ ಗುರಿಯಾದ ಮಾತು, ಸುದ್ದಿ ಅಥವಾ ಸಾಕ್ಷಿಗೆ ಸೇರಿದ್ದು; ‘ಯುಲಸ್’ ಎಂದು ಮುಗಿದರೆ ನಂಬುವ ಇಲ್ಲವೇ ನಂಬದ ಮನುಷ್ಯನಿಗೆ ಸೇರಿದ್ದು. ನ್ಯಾಯಾಲಯದ ಸಾಕ್ಷಿ ‘ಕ್ರೆಡಿಬಲ್’ ಆಗಿರಬೇಕು, ನ್ಯಾಯಾಧೀಶರು ‘ಕ್ರೆಡ್ಯುಲಸ್’ ಆಗಿರಬಾರದು ಎಂಬ ಒಂದು ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಮರೆಯುವುದಿಲ್ಲ.

‘ಇನ್‌ಕ್ರೆಡಿಬಲ್’ ಪದವು ಬಳಕೆಯಲ್ಲಿ ಸವೆದು ಈಗ ಹೆಚ್ಚಾಗಿ ‘ಅದ್ಭುತ’ ಎಂಬ ಅರ್ಥವನ್ನೇ ಕೊಡುತ್ತದೆ. ಪ್ರವಾಸೋದ್ಯಮ ಇಲಾಖೆಯು 2002ರಲ್ಲಿ ‘ಇನ್‌ಕ್ರೆಡಿಬಲ್ ಇಂಡಿಯಾ’ ಎಂದು ಪ್ರಚಾರ ಆರಂಭಿಸಿದ್ದು ಆ ಅರ್ಥದಲ್ಲಿಯೇ. ಹಾಗಾಗಿ ಹುಡುಗಿ ತನಗೆ ಗೊತ್ತಿಲ್ಲದೆ ಅಜ್ಜಿಯನ್ನು ಹೊಗಳಿದ್ದಾಳೆ.

ಇನ್ನು ನಿಮ್ಮ ತಿದ್ದುಪಡಿ. ‘ಇನ್‌ಕ್ರೆಡ್ಯುಲಸ್’ ಎಂಬುದು ಒಂದು ಮಾತನ್ನು ಕೇಳಿದ ಆ ಕ್ಷಣದಲ್ಲಿ ಹುಬ್ಬೇರಿಸಿ ‘ಹೌದೇ?’ ಎನ್ನುವವರ ಸ್ಥಿತಿ. ಜೀವಮಾನವಿಡೀ ಇಂಥವನ್ನು ನಂಬದೆ ಬಾಳಿದ ಅಜ್ಜಿಗೆ ‘ಸ್ಕೆಪ್ಟಿಕಲ್’ ಸರಿಯಾದ ಪದ; ‘ನಾಟ್ ಸೂಪರ್‌ಸ್ಟಿಷಸ್’ ಎಂದು ಸರಳವಾಗಿ ಬರೆದರೆ ಇನ್ನೂ ಒಳ್ಳೆಯದು.

ಈ ಗುಂಪಿನಲ್ಲಿ ನನಗೆ ಬಹಳ ಪ್ರಿಯವಾದ ಪದ ‘ಪ್ಲಾಸಿಬಲ್’. ಅದರ ಮೂಲದಲ್ಲಿ ಚಪ್ಪಾಳೆ ತಟ್ಟುವ ಕ್ರಿಯೆಯಿದೆ. ಮೊದಲು ಚಪ್ಪಾಳೆಗೆ ಯೋಗ್ಯವಾದದ್ದು ಎಂದಿದ್ದ ಅರ್ಥವು ಇಂದು ‘ಕೇಳಲು ನಿಜವೆನಿಸುವಂಥದ್ದು’ ಎಂಬಲ್ಲಿಗೆ ಬಂದು ನಿಂತಿದೆ, ನಿಜವೇ ಆಗಿರಬೇಕೆಂದೇನಿಲ್ಲ. ‘ಎ ಲೈಕ್ಲಿ ಸ್ಟೋರಿ’ ಎಂಬುದನ್ನು ಮಾತ್ರ ಪದಶಃ ನಂಬಬೇಡಿ. ಅದು ನಾವು ‘ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡ’ ಎನ್ನುವ ಮಾತಿಗೆ ಸಮ. ಹಾಗೆಯೇ ಕಿವಿಯ ಮೇಲೆ ಹೂವಿಡುವುದಕ್ಕೆ ಅವರು ಕಣ್ಣಿನ ಮೇಲೆ ಉಣ್ಣೆ ಎಳೆಯುವುದು ಎನ್ನುತ್ತಾರೆ: ‘ಪುಲ್ ದ ವುಲ್ ಓವರ್ ಸಮ್‌ವನ್ಸ್ ಐಸ್’.

ಉತ್ತರ 2: ಅನುವಾದಕಿ

‘ದೃಷ್ಟಿ’ಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಪದದ ಜೊತೆ ನಾನು ಬಹಳ ಗುದ್ದಾಡಿದ್ದೇನೆ. ‘ಈವಿಲ್ ಐ’ ಎಂದರೆ ಕೇಡು ಬಯಸುವ ಕಣ್ಣು. ಅಸೂಯೆ ಅದರ ಒಳಗೇ ಇದೆ. ನಮ್ಮ ದೃಷ್ಟಿಗೆ ಅಸೂಯೆ ಬೇಕೆಂದಿಲ್ಲ, ಹೆತ್ತ ತಾಯಿಯ ಮೆಚ್ಚುಗೆಯೇ ತಾಗಬಹುದು. ಆದ್ದರಿಂದ ಅಂಗಡಿಯ ನಿಂಬೆಹಣ್ಣು ಮೆಣಸಿನಕಾಯಿಗೆ ‘ಟು ವಾರ್ಡ್ ಆಫ್ ದಿ ಈವಿಲ್ ಐ’ ಎಂದು ಬರೆದರೆ ತಪ್ಪಿಲ್ಲ, ಅದೇ ಪದವನ್ನು ಅಮ್ಮನಿಗೆ ಅಂಟಿಸುವಂತಿಲ್ಲ. ಅಮ್ಮ ತನ್ನ ಹೊಗಳಿಕೆಗೆ ತಾನೇ ಹೆದರುತ್ತಿದ್ದಾಳೆ. ಇಂಗ್ಲಿಷಿನಲ್ಲಿ ಆ ಅಂಜಿಕೆಗೆ ಹತ್ತಿರವಾಗಿರುವುದು ‘ಐ ಡೋಂಟ್ ವಾಂಟ್ ಟು ಜಿಂಕ್ಸ್ ಇಟ್’. ಆ ಹುಡುಗನ ವಾಕ್ಯದಲ್ಲಿ ದೃಷ್ಟಿ ಎಂಬ ಪದವನ್ನೇ ಉಳಿಸಿಕೊಂಡು, ಪ್ರೀತಿಯ ನೋಟವೂ ಮಗುವಿಗೆ ತಾಗಬಹುದೆಂಬ ನಂಬಿಕೆ ಇದೆ ಎಂದು ಒಂದು ಮಾತು ಸೇರಿಸುವುದೇ ಉತ್ತಮ.

‘ಜಿಂಕ್ಸ್’ ಪದಕ್ಕೆ ಕರ್ನಾಟಕದ ಉದಾಹರಣೆಯೇ ಇದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಯನ್ನು ಇಂಗ್ಲಿಷ್ ಪತ್ರಿಕೆಗಳು ‘ಚಾಮರಾಜನಗರ ಜಿಂಕ್ಸ್’ ಎಂದೇ ಕರೆಯುತ್ತ ಬಂದಿವೆ. ಸಿದ್ದರಾಮಯ್ಯನವರು ಅಲ್ಲಿಗೆ ಹಲವು ಬಾರಿ ಹೋಗಿಬಂದೂ 2013ರಿಂದ 2018ರವರೆಗೆ ಪೂರ್ಣಾವಧಿ ಆಡಳಿತ ನಡೆಸಿದರು. ಇಂಥ ಸಂದರ್ಭಕ್ಕೆ ಒಪ್ಪುವ ನುಡಿಗಟ್ಟು ‘ಬ್ರೇಕ್ ದ ಜಿಂಕ್ಸ್’.

‘ಟಚ್ ವುಡ್’ ಎಂಬುದನ್ನು ನಮ್ಮಲ್ಲಿ ಅನೇಕರು ‘ಬಿಡ್ತು ಅನ್ನು’ ಎಂಬುದಕ್ಕೆ ಸಮಾನವೆಂದು ತಿಳಿಯುತ್ತಾರೆ. ಅದು ಸರಿಯಲ್ಲ. ‘ಈ ವರ್ಷ ನನಗೆ ಜ್ವರವೇ ಬಂದಿಲ್ಲ’ ಎಂಬ ಒಳ್ಳೆಯ ಮಾತಾಡಿದ ಮೇಲೆ, ಅದು ಹಾಗೆಯೇ ಮುಂದುವರಿಯಲಿ ಎಂದು ಹೇಳುವ ಮಾತು ‘ಟಚ್ ವುಡ್’. ಸಾವು ನೋವಿನಂಥ ಕೆಟ್ಟ ಮಾತು ಬಾಯಿಂದ ಜಾರಿದಾಗ ಹಿರಿಯರು ಗದರಿ ಹೇಳಿಸುವ ‘ಬಿಡ್ತು’ವಿಗೆ ಹತ್ತಿರವಾದದ್ದು ‘ಗಾಡ್ ಫರ್ಬಿಡ್’. ‘ಹಾಗೆಲ್ಲ ಆಡಬೇಡ, ಅಸ್ತು ದೇವತೆಗಳು ಅಸ್ತು ಅನ್ನುತ್ತಾರೆ’ ಎಂಬ ಎಚ್ಚರಿಕೆಯನ್ನು ‘ಡೋಂಟ್ ಟೆಂಪ್ಟ್ ಫೇಟ್’ ಬಹುಮಟ್ಟಿಗೆ ಹಿಡಿದಿಡುತ್ತದೆ, ಆದರೆ ಆ ದೇವತೆಗಳು ಅನುವಾದದಲ್ಲಿ ಕಾಣೆಯಾಗುತ್ತಾರೆ ಎಂಬ ನೋವು ನನಗೆ ಪ್ರತಿ ಸಲವೂ ಆಗುತ್ತದೆ.

ಉತ್ತರ 3: ಇಂಗ್ಲೆಂಡಿನಲ್ಲಿರುವ ಕನ್ನಡಿಗ

ಎರಡು ವಿಷಯ ಸೇರಿಸುತ್ತೇನೆ. ಇಲ್ಲಿ ‘ಟಚ್ ವುಡ್’ ಎನ್ನುವುದನ್ನು ಅಮೆರಿಕದವರು ‘ನಾಕ್ ಆನ್ ವುಡ್’ ಎನ್ನುತ್ತಾರೆ. ಮೇಜನ್ನು ಹಾಗೆ ತಟ್ಟುವವರನ್ನು ಕಂಡಾಗಲೆಲ್ಲ, ಹಲ್ಲಿ ಲೊಚಗುಟ್ಟಿದರೆ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದ ನಮ್ಮ ಸೋದರತ್ತೆಯ ನೆನಪಾಗುತ್ತದೆ. ಕರಿಬೆಕ್ಕು ಅಮೆರಿಕದಲ್ಲಿ ಅಪಶಕುನ. ಬ್ರಿಟನ್ನಿನಲ್ಲಿ ಅದನ್ನು ಶುಭವೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಹಾಗಾಗಿ ಪಾಠದಲ್ಲಿ ‘ಬ್ಲ್ಯಾಕ್ ಕ್ಯಾಟ್’ ಬಂದರೆ ಅದು ಯಾವ ನಾಡಿನ ಬೆಕ್ಕೆಂದು ಕೇಳಿಕೊಳ್ಳಬೇಕು.

ಅದೃಷ್ಟದ ಪದಗಳಲ್ಲಿ ‘ಲಕಿ’ ಮತ್ತು ‘ಫಾರ್ಚುನೇಟ್’ ಎರಡಕ್ಕೂ ನಾವು ಒಂದೇ ಅರ್ಥ ಕೊಡುತ್ತೇವೆ. ಲಾಟರಿ ಹೊಡೆದವನು ‘ಲಕಿ’, ಒಳ್ಳೆಯ ತಂದೆತಾಯಿಯರನ್ನು ಪಡೆದವನು ‘ಫಾರ್ಚುನೇಟ್’ ಎಂದರೆ ವ್ಯತ್ಯಾಸ ಸ್ವಲ್ಪ ಹೊಳೆಯಬಹುದು. ಎರಡನೆಯದರಲ್ಲಿ ಕೃತಜ್ಞತೆಯ ತೂಕವಿದೆ, ನಮ್ಮ ‘ಪುಣ್ಯವಂತ’ ಎಂಬ ಮಾತಿನ ಹಾಗೆ. ಮದುವೆಗೆ ಬರಲಾಗದಿದ್ದರೆ ‘ಅನ್‌ಫಾರ್ಚುನೇಟ್ಲಿ’ ಎಂದು ಬರೆಯಬೇಕೇ ಹೊರತು ‘ಅನ್‌ಲಕಿಲಿ’ ಎಂದಲ್ಲ.

ಮಕ್ಕಳಿಗೆ ಹಿಡಿಸಬಹುದಾದ ಇನ್ನೊಂದು ಸಂಗತಿ ಹಕ್ಕಿಗಳದು. ‘ಆಸ್ಪಿಷಸ್’ ಎಂಬ ಪದ ಬಂದದ್ದು ಹಕ್ಕಿಗಳ ಹಾರಾಟ ನೋಡಿ ಭವಿಷ್ಯ ಹೇಳುತ್ತಿದ್ದ ರೋಮನ್ನರ ಪುರೋಹಿತರ ಹೆಸರಿನಿಂದ. ನಮ್ಮ ‘ಶಕುನ’ಕ್ಕೂ ಸಂಸ್ಕೃತದಲ್ಲಿ ಹಕ್ಕಿ ಎಂಬ ಅರ್ಥವಿದೆ. ಬುಡುಬುಡಿಕೆಯವರು ಹಾಲಕ್ಕಿ ನುಡಿಯಿತೆಂದು ಮನೆ ಮುಂದೆ ನಿಂತು ಹೇಳುವಾಗ ಎರಡೂ ನಾಡುಗಳ ಹಳೆಯ ಯೋಚನೆ ಒಂದೇ ಅಂಗಳಕ್ಕೆ ಬಂದಂತೆ ನನಗೆ ಅನಿಸುತ್ತದೆ. ವಿಧಿಯ ವಿಷಯದಲ್ಲಿ ಮಾತ್ರ ದಾರಿ ಬೇರೆ: ‘ಫೇಟ್’ ಎಂದರೆ ಮೂಲದಲ್ಲಿ ನುಡಿದದ್ದು, ನಮ್ಮದು ಹಣೆಯಲ್ಲಿ ಬರೆದದ್ದು.

ಉತ್ತರ 4: ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ಒಂದು ಮುಖ್ಯ ಮಾತು ಬಿಟ್ಟುಹೋಗಿತ್ತು. ‘ಸೂಪರ್‌ಸ್ಟಿಷನ್’ ಪದದಲ್ಲಿ ಹೇಳುವವನ ತೀರ್ಪು ಅಡಗಿದೆ. ತಾನು ಶ್ರದ್ಧೆಯಿಂದ ನಡೆಸುವ ಆಚರಣೆಯನ್ನು ಯಾರೂ ಹಾಗೆ ಕರೆದುಕೊಳ್ಳುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅದರ ಹೆಸರಿನಲ್ಲಿ ‘ವೆರಿಫೈಯಬಲ್’ ಎಂಬ ವಿಶೇಷಣವನ್ನು ಈ ಪದದ ಹಿಂದೆ ಇಟ್ಟಿದ್ದರು, ಅಂದರೆ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳು ಎಂದು. ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕರ್ನಾಟಕದ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ‘ಸೂಪರ್‌ಸ್ಟಿಷನ್’ ಇಲ್ಲವೇ ಇಲ್ಲ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಎಂಬರ್ಥದ ಪದಗಳಿವೆ. ಕಾನೂನು ಶಿಕ್ಷಿಸುವುದು ಕೃತ್ಯವನ್ನು ತಾನೇ? ಮಕ್ಕಳು ತಮ್ಮ ಮನೆಯವರ ಬಗ್ಗೆ ಬರೆಯುವಾಗ ‘ಬಿಲೀಫ್’, ‘ಕಸ್ಟಮ್’ ಎಂಬ ಪದಗಳನ್ನೂ ಕೈಗೆ ಕೊಡಿ, ಯಾವುದನ್ನು ಏನೆಂದು ಕರೆಯಬೇಕೆಂದು ಅವರೇ ಯೋಚಿಸಲಿ.

ಪ್ರಶ್ನೆ ಕೇಳಿದವರು

ತಮಗೆಲ್ಲ ಹೃತ್ಪೂರ್ವಕ ಧನ್ಯವಾದಗಳು. ಈ ದಿನ ತರಗತಿಯಲ್ಲಿ ಮೂವರನ್ನು ನಿಲ್ಲಿಸಿ, ಒಬ್ಬನು ಕಥೆ ಹೇಳಲು, ಒಬ್ಬಳು ಬಾಯಿ ತೆರೆದು ನಂಬಲು, ಇನ್ನೊಬ್ಬಳು ಹುಬ್ಬೇರಿಸಲು ಹೇಳಿದೆ. ಕಥೆಗೆ ಒಂದು ಚೀಟಿ, ಕೇಳುವವರಿಬ್ಬರಿಗೆ ಒಂದೊಂದು ಚೀಟಿ ಅಂಟಿಸಿದೆವು. ಹುಬ್ಬೇರಿಸಿದವಳು ಆ ಅಜ್ಜಿಯ ಮೊಮ್ಮಗಳೇ. ತಪಾಸಣೆಗೆ ಕೊಟ್ಟ ಪುಸ್ತಕದಲ್ಲಿ ಅವಳು ‘ಸ್ಕೆಪ್ಟಿಕಲ್’ ಎಂದು ತಿದ್ದಿಕೊಂಡು, ಅದರ ಕೆಳಗೆ ‘ಇನ್‌ಕ್ರೆಡಿಬಲ್’ ಎಂಬ ಹಳೆಯ ವಾಕ್ಯವನ್ನು ಮತ್ತೊಮ್ಮೆ ಬರೆದು, ಅದೂ ನಿಜ ಮೇಡಂ, ಇರಲಿ ಎಂದು ಕನ್ನಡದಲ್ಲಿ ಸೇರಿಸಿದ್ದಾಳೆ. ಎರಡಕ್ಕೂ ಸರಿ ಗುರುತು ಹಾಕಿದ್ದೇನೆ.