ಕನ್ನಡದ ಕಾಗುಣಿತ ಪರೀಕ್ಷಿಸುವ ತಂತ್ರಾಂಶಕ್ಕೆ ಚಂದಾ ಕಟ್ಟಬೇಕೇ?

ಪ್ರಶ್ನೆ (ಶಿಡ್ಲಘಟ್ಟದಿಂದ)

ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಕೇಂದ್ರವಿದೆ. ಸಹಕಾರ ಸಂಘಗಳ ವಾರ್ಷಿಕ ವರದಿ, ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ, ಜೊತೆಗೆ ಒಂದು ಪಾಕ್ಷಿಕದ ಪುಟವಿನ್ಯಾಸ, ಇವೇ ನಮ್ಮ ಮುಖ್ಯ ಕೆಲಸ. ಬರುವ ಬರಹದಲ್ಲಿ ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಇಂಗ್ಲಿಷ್. ಬಾಗೇಪಲ್ಲಿ ಕಡೆಯ ಗಿರಾಕಿಗಳಿಂದ ಆಗೊಮ್ಮೆ ಈಗೊಮ್ಮೆ ತೆಲುಗೂ ಬರುತ್ತದೆ. ಅಚ್ಚಾದ ಮೇಲೆ ಕಣ್ಣಿಗೆ ಬೀಳುವ ತಪ್ಪುಗಳಿಂದ ಗಿರಾಕಿಗಳಿಗೂ ನಮಗೂ ಬೇಸರವಾಗುತ್ತಿರುವುದರಿಂದ, ಕಾಗುಣಿತ ಪರೀಕ್ಷಿಸುವ ತಂತ್ರಾಂಶವೊಂದನ್ನು ಕೊಳ್ಳಬೇಕೆಂದಿದ್ದೇವೆ. ಜಾಹೀರಾತುಗಳಲ್ಲಿ ಭಾಷೆಗಳ ಉದ್ದನೆಯ ಪಟ್ಟಿಯೂ ಡಾಲರಿನಲ್ಲಿ ಬೆಲೆಯೂ ಕಾಣುತ್ತವೆಯೇ ಹೊರತು, ಕನ್ನಡಕ್ಕೆ ನಿಜವಾಗಿ ಏನು ದೊರೆಯುತ್ತದೆ ಎಂಬುದು ತಿಳಿಯುವುದಿಲ್ಲ. ವರ್ಷದ ಚಂದಾ ಕಟ್ಟುವುದು ಸೂಕ್ತವೇ, ಉಚಿತವಾದದ್ದೇ ಸಾಕೇ? ನಮ್ಮ ಹಳೆಯ ಕಡತಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿವೆ.

ಉತ್ತರ (ಕೋಲಾರದಿಂದ, ಕರಡು ತಿದ್ದುವವರು)

ಚಂದಾ ಕಟ್ಟುವ ಮೊದಲು, ಆ ಹಣ ಯಾವ ಭಾಷೆಗೆ ಹೋಗುತ್ತದೆ ಎಂದು ನೋಡಿ. ಕಾಗುಣಿತ, ವ್ಯಾಕರಣಗಳ ತಪ್ಪು ತೋರಿಸುವ ಗ್ರಾಮರ್ಲಿ ಬಹುಕಾಲ ಇಂಗ್ಲಿಷಿಗೆ ಮಾತ್ರ ಮೀಸಲಾಗಿತ್ತು. ಈಚೆಗೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್‌ನಂಥ ಕೆಲವು ಯುರೋಪಿನ ಭಾಷೆಗಳು ಸೇರಿವೆ, ಆದರೆ ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಅಂಥದೇ ಇನ್ನೊಂದು ತಂತ್ರಾಂಶವಾದ ಲ್ಯಾಂಗ್ವೇಜ್‌ಟೂಲ್ ಇಪ್ಪತ್ತೈದಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲದು, ಅದರಲ್ಲಿ ತಮಿಳಿದೆ, ಕನ್ನಡವಿಲ್ಲ. ಅಲ್ಲಿಯೂ ಚಂದಾದಾರರಿಗೆ ಸಿಗುವ ಹೆಚ್ಚಿನ ಸೌಲಭ್ಯಗಳು ಇಂಗ್ಲಿಷ್, ಜರ್ಮನ್‌ನಂಥ ಕೆಲವೇ ಭಾಷೆಗಳಿಗೆ ಸಂಬಂಧಪಟ್ಟವು. ಮುಕ್ಕಾಲು ಪಾಲು ಕನ್ನಡದ ಕೆಲಸವಿರುವ ಕೇಂದ್ರವು ಇವುಗಳಿಗೆ ಡಾಲರಿನ ಲೆಕ್ಕದಲ್ಲಿ ಹಣವನ್ನೂ ಅದರ ಮೇಲೆ ಶೇ. 18ರ ಜಿಎಸ್‌ಟಿಯನ್ನೂ ಕಟ್ಟಬೇಕೆಂದು ನಾನು ಹೇಳಲಾರೆ.

ಕನ್ನಡಕ್ಕೆ ದೊರೆಯುವುದರಲ್ಲಿ ಹೆಚ್ಚಿನವು ಉಚಿತ, ಇಲ್ಲವೇ ನೀವು ಈಗಾಗಲೇ ಕೊಂಡಿರುವ ತಂತ್ರಾಂಶದ ಜೊತೆಗೇ ಬರುತ್ತವೆ. ಬರಹ ಸಿದ್ಧಪಡಿಸುವ ಲಿಬ್ರೆಆಫೀಸ್ ತಂತ್ರಾಂಶ ಪೂರ್ತಿ ಉಚಿತ. ಅದರ ಕಾಗುಣಿತ ಪರೀಕ್ಷೆ ಹನ್‌ಸ್ಪೆಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ, ಅದಕ್ಕೆ ಕನ್ನಡದ ನಿಘಂಟೂ ಇದೆ. ಮೈಕ್ರೋಸಾಫ್ಟ್ ಆಫೀಸ್ ನಿಮ್ಮಲ್ಲಿದ್ದರೆ ಕನ್ನಡದ ಭಾಷಾ ಪ್ಯಾಕ್ ಅನ್ನು ಬೇರೆ ಹಣ ಕೊಡದೆ ಸೇರಿಸಿಕೊಳ್ಳಬಹುದು. ಪುಟವಿನ್ಯಾಸದ ಇನ್‌ಡಿಸೈನ್‌ಗೆ ಚಂದಾ ಕಟ್ಟುತ್ತಿದ್ದರೆ ಅದರಲ್ಲಿಯೂ ಕನ್ನಡ, ತೆಲುಗು ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಹನ್‌ಸ್ಪೆಲ್ ನಿಘಂಟುಗಳಿವೆ, ಆದ್ದರಿಂದ ತೆಲುಗಿನ ಚಿಂತೆಯೂ ತಕ್ಕಮಟ್ಟಿಗೆ ನೀಗುತ್ತದೆ.

ನಿಮ್ಮ ನಿಜವಾದ ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ ನುಡಿ ಅಕ್ಷರಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಒಂದು ಸಾಲನ್ನು ಆಯ್ದು ಬೇರೆ ಫಾಂಟ್ ಕೊಟ್ಟು ನೋಡಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಎದುರಾಗುತ್ತದೆ. ಪರೀಕ್ಷಕ ಓದುವುದು ಆ ಸಾಲನ್ನು. ಎಷ್ಟೇ ಬೆಲೆಯ ತಂತ್ರಾಂಶ ತಂದರೂ ಬರಹವನ್ನು ಯೂನಿಕೋಡಿಗೆ ಬದಲಿಸುವವರೆಗೆ ಅದು ಕೆಲಸಕ್ಕೆ ಬರುವುದಿಲ್ಲ. ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡುವುದು ಮಾತ್ರ ತಪ್ಪಬಾರದು.

ಉತ್ತರ (ತುಮಕೂರಿನಿಂದ)

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೆ ಉಚಿತ ನಿಘಂಟುಗಳ ಮಿತಿಯನ್ನೂ ಹೇಳದಿದ್ದರೆ ನೀವು ಮೊದಲ ದಿನವೇ ಕೈಬಿಡುವ ಸಂಭವವಿದೆ. ಹನ್‌ಸ್ಪೆಲ್‌ನಲ್ಲಿ ಎರಡು ಕಡತಗಳಿರುತ್ತವೆ: ಒಂದರಲ್ಲಿ ಮೂಲಪದಗಳು, ಇನ್ನೊಂದರಲ್ಲಿ ಅವುಗಳಿಗೆ ಸೇರುವ ಪ್ರತ್ಯಯಗಳ ನಿಯಮಗಳು. ಪದದ ಕೊನೆಯಿಂದ ಎರಡು ಹಂತದ ಪ್ರತ್ಯಯಗಳನ್ನು ಬಿಡಿಸುವಂತೆ ಅದನ್ನು ರೂಪಿಸಲಾಗಿದೆ. ಕನ್ನಡ ಅಷ್ಟಕ್ಕೆ ನಿಲ್ಲುವುದಿಲ್ಲವಲ್ಲ! ‘ತೋಟಗಳಲ್ಲಿದ್ದವರಿಗೂ’ ಎಂಬ ಒಂದೇ ಪದದಲ್ಲಿ ಬಹುವಚನ, ಸಪ್ತಮಿ, ಕೃದಂತ, ಚತುರ್ಥಿ ಮತ್ತು ‘ಊ’ ಒಂದರ ಬೆನ್ನಿಗೊಂದು ಬಂದಿವೆ; ಇದರ ಮೇಲೆ ಸಂಧಿ, ಸಮಾಸಗಳು ಬೇರೆ. ಹಾಗಾಗಿ ಸರಿಯಾದ ಪದಗಳ ಕೆಳಗೂ ಕೆಂಪು ಗೆರೆ ಬೀಳುತ್ತದೆ. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಅಕ್ಷರಗಳು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದಿರುತ್ತದೆ, ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಟೈಪಿಸಿದರೆ ಪರೀಕ್ಷಕಕ್ಕೆ ಅವೆರಡೂ ಬೇರೆ ಬೇರೆ ಪದಗಳಾಗಬಹುದು.

ಇಷ್ಟಾದರೂ ಅದರಿಂದ ಆಗುವ ಉಪಕಾರ ಸಣ್ಣದಲ್ಲ. ‘ಅಭಿವೃದ್ದಿ’, ‘ವಿಧ್ಯಾರ್ಥಿ’, ‘ಪ್ರಸಿದ್ದ’ ಎಂಬಂತಹ ಅಲ್ಪಪ್ರಾಣ, ಮಹಾಪ್ರಾಣಗಳ ತಪ್ಪುಗಳು ನಮ್ಮ ಭಾಗದ ಬರಹಗಳಲ್ಲಿ ಬಹಳ, ಅವನ್ನು ಹಿಡಿಯಲು ನಿಘಂಟು ಸಾಕು. ಹಿಡಿಯಲಾರದ್ದು ಎಂದರೆ, ಒಂದು ಸರಿಯಾದ ಪದದ ಜಾಗದಲ್ಲಿ ಇನ್ನೊಂದು ಸರಿಯಾದ ಪದ ಬಂದಾಗ. ‘ಟೊಮೆಟೊ ಬೆಲೆ ಕುಸಿದಿದೆ’ ಎನ್ನುವಲ್ಲಿ ‘ಬೆಳೆ ಕುಸಿದಿದೆ’ ಎಂದು ಟೈಪಾದರೆ ಯಾವ ಗೆರೆಯೂ ಬೀಳದು, ಆದರೆ ಕೋಲಾರದ ಮಾರುಕಟ್ಟೆಗೆ ಮಾಲು ಕಳಿಸುವ ರೈತನಿಗೆ ಎರಡೂ ಬೇರೆ ಬೇರೆ ಸುದ್ದಿ. ಚಂದಾಕ್ಕೆಂದು ತೆಗೆದಿಟ್ಟ ಹಣವನ್ನು ಪಾಕ್ಷಿಕದ ಕರಡು ನೋಡುವ ಒಬ್ಬ ನಿವೃತ್ತ ಕನ್ನಡ ಮೇಷ್ಟರಿಗೆ ಗೌರವಧನವಾಗಿ ಕೊಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಮಾತು. ಜಾಲದ ಮೂಲಕ ನಡೆಯುವ ಪರೀಕ್ಷಕಗಳಲ್ಲಿ ನೀವು ಹಾಕುವ ಬರಹ ಬೇರೆಡೆಯ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಪ್ರಶ್ನೆಪತ್ರಿಕೆಗಳನ್ನು ಯಾವ ಕಾರಣಕ್ಕೂ ಅಲ್ಲಿ ಹಾಕಬೇಡಿ. ಅವಕ್ಕೆ ಕೇಂದ್ರದ ಕಂಪ್ಯೂಟರಿನಲ್ಲೇ ನಡೆಯುವ ಪರೀಕ್ಷೆಯೇ ಸರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಲಿಬ್ರೆಆಫೀಸ್ ಹಾಕಿದ್ದೇವೆ, ಯೂನಿಕೋಡಿಗೆ ಬದಲಿಸಿದ ವರದಿಯನ್ನೂ ತೆರೆದೆವು. ಆದರೆ ಕನ್ನಡ ಪದಗಳ ಕೆಳಗೆ ಒಂದು ಗೆರೆಯೂ ಬೀಳುತ್ತಿಲ್ಲ, ತಪ್ಪೆಂದು ಬೇಕೆಂದೇ ಟೈಪಿಸಿದ ಪದಕ್ಕೂ ಇಲ್ಲ. ನಮ್ಮ ತಾಲ್ಲೂಕಿನ ಊರುಗಳ ಹೆಸರನ್ನು ಎರಡೂ ಕಂಪ್ಯೂಟರುಗಳಿಗೆ ಪ್ರತ್ಯೇಕವಾಗಿ ಕಲಿಸಬೇಕೇ?

ಉತ್ತರ (ಕೋಲಾರದಿಂದ, ಕರಡು ತಿದ್ದುವವರು)

ಭಾಷೆಯ ಆಯ್ಕೆಗಳಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬುದಕ್ಕೆ ಗುರುತು ಹಾಕಿ, ಅದರ ಮುಂದೆ ಕನ್ನಡವನ್ನು ಆರಿಸಿ. ಅದನ್ನು ಆರಿಸದಿದ್ದರೆ ಬರಹ ಕನ್ನಡವೆಂದು ಅದಕ್ಕೆ ಗೊತ್ತಾಗುವುದಿಲ್ಲ. ಕನ್ನಡದ ನಿಘಂಟು ಸ್ಥಾಪನೆಯಾಗಿದೆಯೇ ಎಂದೂ ನೋಡಿಕೊಳ್ಳಿ, ಇಲ್ಲದಿದ್ದರೆ ವಿಸ್ತರಣೆಯಾಗಿ ಸೇರಿಸಬೇಕಾಗುತ್ತದೆ.

ಊರಿನ ಹೆಸರುಗಳನ್ನು ಎರಡು ಸಲ ಕಲಿಸಬೇಕಾಗಿಲ್ಲ. ನೀವು ಸೇರಿಸುವ ಪದಗಳು ಒಂದು ಸಾದಾ ಪಠ್ಯ ಕಡತದಲ್ಲಿ ಉಳಿಯುತ್ತವೆ, ಅದನ್ನು ಪೆನ್‌ಡ್ರೈವಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಒಯ್ಯಬಹುದು. ಸೇರಿಸುವ ಮೊದಲು ಒಂದೊಂದು ಹೆಸರಿಗೂ ಒಂದೇ ರೂಪವನ್ನು ನಿಶ್ಚಯಿಸಿಕೊಳ್ಳಿ. ನಿಮ್ಮ ಊರನ್ನೇ ಕೆಲವರು ‘ಶಿಡ್ಲಘಟ್ಟ’ ಎಂದೂ ಕೆಲವರು ‘ಸಿಡ್ಲಘಟ್ಟ’ ಎಂದೂ ಬರೆಯುತ್ತಾರೆ. ಎರಡೂ ಪಟ್ಟಿಗೆ ಸೇರಿಬಿಟ್ಟರೆ ಒಂದೇ ವರದಿಯಲ್ಲಿ ಎರಡು ರೂಪಗಳು ಸದ್ದಿಲ್ಲದೆ ಅಚ್ಚಾಗುತ್ತವೆ. ಪಟ್ಟಿಗೆ ಪದ ಸೇರಿಸುವ ಅಧಿಕಾರ ಕೇಂದ್ರದಲ್ಲಿ ಒಬ್ಬರ ಕೈಯಲ್ಲೇ ಇರಲಿ.