71 ಗೆಲುವಿನ ತಂಡಕ್ಕೆ ಜಪಾನ್ ಕಿರೀಟ ಸಲ್ಲಬಹುದೇ? (ಚರ್ಚೆ)

ಕನ್ನೈ ನಿವಾಸಿ
2024ರ ನವೆಂಬರ್ 3ರ ರಾತ್ರಿ ನಮ್ಮ ಬೇಸ್‌ಬಾಲ್ ತಂಡ ಯೊಕೊಹಾಮಾ ಡಿಎನ್‌ಎ ಬೇಸ್ಟಾರ್ಸ್, ಫುಕುವೊಕಾದ ಸಾಫ್ಟ್‌ಬ್ಯಾಂಕ್ ಹಾಕ್ಸ್ ತಂಡವನ್ನು ಸೋಲಿಸಿ ಜಪಾನ್ ಸೀರೀಸ್ ಗೆದ್ದಿತು. ಹಿಂದಿನ ದಿನ ಮಳೆಯಿಂದ ಮುಂದಕ್ಕೆ ಹೋಗಿದ್ದ ಆರನೇ ಪಂದ್ಯ, 11-2. 1998ರ ನಂತರ ಇದೇ ಮೊದಲು. ನಮ್ಮ ಮನೆ ಸ್ಟೇಡಿಯಂನಿಂದ ಹತ್ತು ನಿಮಿಷದ ದಾರಿ. ಆ ರಾತ್ರಿ ಬೀದಿ ತುಂಬ ನೀಲಿ ಅಂಗಿ, ನನ್ನ ಮಗಳು ನಿದ್ದೆ ಮಾಡಲೇ ಇಲ್ಲ.

ಮಾರನೇ ದಿನ ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಅಭಿನಂದಿಸಿದರು. ಆಮೇಲೆ ಮೆತ್ತಗೆ, "ಆದರೂ ಮೂರನೇ ಸ್ಥಾನದವರಲ್ಲವೇ?" ಅಂದರು. ಆ ಮಾತು ತಲೆಯಲ್ಲೇ ಕೂತಿದೆ.

ಬೇಸ್‌ಬಾಲ್ ನೋಡದವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಆರಾರು ತಂಡಗಳ ಎರಡು ಲೀಗ್, ಸೆಂಟ್ರಲ್ ಮತ್ತು ಪೆಸಿಫಿಕ್. ಪ್ರತಿ ತಂಡಕ್ಕೆ 143 ಪಂದ್ಯ. ಪ್ರತಿ ಲೀಗಿನ ಮೊದಲ ಮೂರು ತಂಡಗಳು ಕ್ಲೈಮ್ಯಾಕ್ಸ್ ಸೀರೀಸ್ ಆಡುತ್ತವೆ, ಅದನ್ನು ಗೆದ್ದ ಎರಡು ತಂಡಗಳು ಜಪಾನ್ ಸೀರೀಸ್‌ನಲ್ಲಿ ಎದುರಾಗುತ್ತವೆ. ಸೆಂಟ್ರಲ್ ಲೀಗಿನಲ್ಲಿ ನಮ್ಮದು 71 ಗೆಲುವು, 69 ಸೋಲು, 3 ಡ್ರಾ. ಮೊದಲ ಸ್ಥಾನದ ಯೊಮಿಯುರಿ ಜೈಂಟ್ಸ್‌ಗಿಂತ 8 ಪಂದ್ಯ ಹಿಂದೆ (ಗೆಲುವಿನ ವ್ಯತ್ಯಾಸ, ಸೋಲಿನ ವ್ಯತ್ಯಾಸ ಎರಡನ್ನೂ ಕೂಡಿ ಅರ್ಧ ಮಾಡಿದರೆ ಈ ಅಂತರ ಸಿಗುತ್ತದೆ). ಈ ಲೆಕ್ಕ ಇಟ್ಟುಕೊಂಡು ಜಪಾನಿನ ಚಾಂಪಿಯನ್ ಅನ್ನಿಸಿಕೊಳ್ಳುವುದು ಸರಿಯೇ? ಸರಿ ಎಂದೇ ನನ್ನ ನಂಬಿಕೆ. ಆದರೆ ನಿಮ್ಮ ಮಾತು ಕೇಳಬೇಕು.

ಹಕಾತಾ ಹಾಕ್ಸ್
ನಾನು ಫುಕುವೊಕಾದಲ್ಲಿದ್ದೇನೆ, ಸಾಫ್ಟ್‌ಬ್ಯಾಂಕ್ ಹಾಕ್ಸ್ ಕಡೆಯವನು. ನಿಮ್ಮ ಮಗಳ ಖುಷಿ ಕಂಡು ಸಂತೋಷ. ಆದರೆ ಸರಿ ಅಲ್ಲ ಅಂತಲೇ ಹೇಳುತ್ತೇನೆ.

ನಮ್ಮವರು ಗೆದ್ದದ್ದು 91. ಪೆಸಿಫಿಕ್ ಲೀಗಿನಲ್ಲಿ ಎರಡನೆಯವರಾದ ನಿಪ್ಪಾನ್ ಹ್ಯಾಮ್ 13.5 ಪಂದ್ಯ ಹಿಂದಿದ್ದರು. ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಆರು ದಿನ ಆಡಿ, ಗಾಯ, ಮಳೆ, ಪ್ರಯಾಣ ಎಲ್ಲ ತಡೆದುಕೊಂಡು ಕಟ್ಟಿದ ಲೆಕ್ಕ ಅದು. ಒಂದು ವಾರದ ಆರು ಪಂದ್ಯ ಅದನ್ನು ಅಳಿಸಿಹಾಕುವುದಾದರೆ ಆ ಆರು ತಿಂಗಳು ಯಾತಕ್ಕೆ? 143 ಪಂದ್ಯಗಳಲ್ಲಿ ಸರಿಸುಮಾರು ಅರ್ಧ ಸೋತ ತಂಡ ದೇಶದ ಅತ್ಯುತ್ತಮ ತಂಡ ಅಂದರೆ ನನ್ನ ಬಾಯಿಗೆ ಬರುವುದಿಲ್ಲ.

ಲೆಕ್ಕದ ಮೇಷ್ಟ್ರು
ಹಕಾತಾ ಅವರ ಮಾತಿಗೆ ಅಂಕಿ ಸೇರಿಸುತ್ತೇನೆ. ಡ್ರಾಗಳನ್ನು ಬಿಟ್ಟರೆ ಬೇಸ್ಟಾರ್ಸ್‌ನ ಗೆಲುವಿನ ಪ್ರಮಾಣ .507, ಹಾಕ್ಸ್‌ನದು .650. ಜಪಾನ್ ಸೀರೀಸ್ ಗೆದ್ದ ತಂಡಗಳಲ್ಲೇ .507 ಅತಿ ಕಡಿಮೆ. ಮೂರನೇ ಸ್ಥಾನದಿಂದ ಬಂದು ಗೆದ್ದವರು ಇದಕ್ಕೆ ಮೊದಲು ಒಬ್ಬರೇ, 2010ರ ಚಿಬಾ ಲೊಟ್ಟೆ.

ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯದ ಫಲಿತಾಂಶ ಹೇಳುವುದು ಬಹಳ ಕಡಿಮೆ. ಅತ್ಯುತ್ತಮ ತಂಡವೂ ಮೂರರಲ್ಲಿ ಒಂದು ಸೋಲುತ್ತದೆ. ಅದಕ್ಕೇ 143 ಆಡಿಸುವುದು. ಏಳು ಪಂದ್ಯದ ಸರಣಿಯಿಂದ ಯಾರು ಶ್ರೇಷ್ಠರು ಅಂತ ತಿಳಿಯುವುದಿಲ್ಲ. ಆ ವಾರ ಯಾರು ಚೆನ್ನಾಗಿ ಆಡಿದರು ಅನ್ನುವುದಷ್ಟೇ ತಿಳಿಯುತ್ತದೆ.

ಕನ್ನೈ ನಿವಾಸಿ
ಮೇಷ್ಟ್ರೇ, "ಆ ವಾರ" ಅಂದುಬಿಟ್ಟಿರಿ. ಮೂರು ವಾರ ಅದು. ಒಂದೂ ನಮ್ಮ ಅಂಗಳದಲ್ಲಿರಲಿಲ್ಲ, ಕೊನೆಯ ಸರಣಿ ಬರುವವರೆಗೆ.

ಮೊದಲು ಹನ್ಶಿನ್ ಟೈಗರ್ಸ್ ವಿರುದ್ಧ, ಅವರದೇ ಮೈದಾನ ಕೋಶಿಯನ್‌ನಲ್ಲಿ, ಎರಡೂ ಗೆದ್ದೆವು, 3-1 ಮತ್ತು 10-3. ಮೊದಲ ಪಂದ್ಯದಲ್ಲೇ ನಮ್ಮ ಮುಖ್ಯ ಪಿಚರ್ (ಚೆಂಡು ಎಸೆಯುವವರು) ಅಜುಮಾ ಕತ್ಸುಕಿ ಕಾಲು ನೋವಾಗಿ, ಒಂಬತ್ತು ಇನಿಂಗ್ಸ್‌ಗಳ ಪಂದ್ಯದಲ್ಲಿ ನಾಲ್ಕಕ್ಕೇ ಹೊರಬಂದರು. ಅವರ ಜೊತೆ ಸದಾ ಆಡುತ್ತಿದ್ದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಯಮಮೋಟೊ ಯೂದೈ ಸೆಪ್ಟೆಂಬರ್‌ನಲ್ಲೇ ಚೆಂಡು ಬಡಿದು ಕೈ ಮುರಿದುಕೊಂಡಿದ್ದರು. ಆಮೇಲೆ ಟೋಕಿಯೊ ಡೋಮ್. ಅಲ್ಲಿ ಆರೂ ಪಂದ್ಯ ಜೈಂಟ್ಸ್ ಮೈದಾನದಲ್ಲೇ, ಅದರ ಮೇಲೆ ಲೀಗ್ ಗೆದ್ದವರಿಗೆ ಒಂದು ಗೆಲುವು ಮೊದಲೇ ಬರೆದಿಟ್ಟಿತ್ತು. 2-0, 2-1, 2-1 ಅಂತ ಮೂರು ಗೆದ್ದೆವು, ನಂತರ ಎರಡು ಸೋತೆವು, ಕೊನೆಯದರಲ್ಲಿ ಒಂಬತ್ತನೇ ಇನಿಂಗ್ಸಿನಲ್ಲಿ ನಾಯಕ ಮಾಕಿ ಶೂಗೊ ಹೊಡೆದ ಹಿಟ್‌ನಿಂದ (ಚೆಂಡು ಹೊಡೆದು ಬೇಸ್ ಸೇರುವುದು) 3-2. ಆ ಸರಣಿಯ ಶ್ರೇಷ್ಠ ಆಟಗಾರ ಯಾರು ಗೊತ್ತೇ? ತೊಬಶಿರಾ ಯಸುತಾಕಾ. ಯಮಮೋಟೊ ಬಿದ್ದ ಮೇಲೆ ಬೆಂಚಿನಿಂದ ಎದ್ದುಬಂದ ಹಿರಿಯ ಕ್ಯಾಚರ್.

ಅಷ್ಟೂ ಪ್ರಮಾಣದ ಅದೃಷ್ಟ ಸತತವಾಗಿ ಮೂರು ವಾರ ಒಂದೇ ತಂಡದ ಕಡೆ ಇರುತ್ತದೆಯೇ? ಅದನ್ನು ಆಟ ಅಂತಲೇ ಕರೆಯಬೇಕು.

ಚಿನ್ನಸ್ವಾಮಿ ಗ್ಯಾಲರಿ
ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಆದರೆ ಈ ನೋವು ಚೆನ್ನಾಗಿ ಗೊತ್ತು. 2009ರಲ್ಲಿ ಅಂಕಪಟ್ಟಿಯಲ್ಲಿ ನಾಲ್ಕನೆಯವರಾಗಿದ್ದ ಡೆಕ್ಕನ್ ಚಾರ್ಜರ್ಸ್ ಫೈನಲ್‌ನಲ್ಲಿ ಆರ್‌ಸಿಬಿಯನ್ನು 6 ರನ್‌ಗಳಿಂದ ಸೋಲಿಸಿತು. 2016ರಲ್ಲಿ ಮೂರನೆಯವರಾಗಿದ್ದ ಸನ್‌ರೈಸರ್ಸ್, ನಮ್ಮದೇ ಬೆಂಗಳೂರಿನಲ್ಲಿ, 8 ರನ್‌ಗಳಿಂದ. ಆ ರಾತ್ರಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ, ಎದ್ದು ಹೋಗಲು ಆಗಲಿಲ್ಲ. ಆದರೂ ಅವರ ಕಪ್ ಅವರದಲ್ಲ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ನಿಯಮ ಮೊದಲೇ ಎಲ್ಲರಿಗೂ ತಿಳಿದಿತ್ತು.

ಹಕಾತಾ ಹಾಕ್ಸ್
ಐಪಿಎಲ್‌ನಲ್ಲಿ ತಂಡಕ್ಕೆ 14 ಲೀಗ್ ಪಂದ್ಯ, ಇಲ್ಲಿ ಹತ್ತು ಪಟ್ಟು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಅಲ್ಲದೆ ಹಾಕ್ಸ್ ಅಭಿಮಾನಿಗೆ ಇದು ಹಳೆಯ ಗಾಯ. 2004ರಲ್ಲಿ ಲೀಗಿನಲ್ಲಿ ಮೊದಲು ಬಂದು ಪ್ಲೇಆಫ್‌ನಲ್ಲಿ ಸೇಇಬು ಲಯನ್ಸ್ ಎದುರು ಸೋತೆವು. 2005ರಲ್ಲಿ ಮೊದಲು ಬಂದು ಲೊಟ್ಟೆ ಎದುರು. 2010ರಲ್ಲಿ ಮತ್ತೆ ಮೊದಲು, ಮತ್ತೆ ಲೊಟ್ಟೆ, ಅದೂ 3-1 ಮುಂದಿದ್ದು. ಒಂದೇ ಊರಿನವರು ಎಷ್ಟು ಸಲ ಇದನ್ನು ನುಂಗಬೇಕು?

ಹಳೇ ಸ್ಕೋರ್‌ಬುಕ್
ಹಕಾತಾ ಅವರ ನೋವು ನಿಜ. ಅದರಲ್ಲಿ 2004, 2005ರದ್ದು ಇನ್ನೂ ಕಠೋರ, ಅದನ್ನು ಅವರು ಪೂರ್ತಿ ಹೇಳಲಿಲ್ಲ. ಆಗ ಪ್ಲೇಆಫ್ ಇದ್ದದ್ದು ಪೆಸಿಫಿಕ್ ಲೀಗಿನಲ್ಲಿ ಮಾತ್ರ. 5 ಪಂದ್ಯ ಅಥವಾ ಹೆಚ್ಚಿನ ಅಂತರದಿಂದ ಮೊದಲು ಬಂದವರಿಗೆ ಮಾತ್ರ ಒಂದು ಗೆಲುವಿನ ಅನುಕೂಲ ಸಿಗುತ್ತಿತ್ತು. ಹಾಕ್ಸ್ ಎರಡೂ ವರ್ಷ ಮುಂದಿದ್ದದ್ದು 4.5 ಪಂದ್ಯ! ಅರ್ಧ ಪಂದ್ಯದಲ್ಲಿ ಎರಡು ಸಲ ಕೈತಪ್ಪಿತು. ಜೊತೆಗೆ ಪ್ಲೇಆಫ್ ಗೆದ್ದವರನ್ನೇ ಲೀಗ್ ಚಾಂಪಿಯನ್ ಅಂತ ದಾಖಲಿಸುತ್ತಿದ್ದರು. ಹಾಗಾಗಿ ಪುಸ್ತಕದಲ್ಲಿ 2005ರ ಲೀಗ್ ಚಾಂಪಿಯನ್ ಲೊಟ್ಟೆಯೇ. ಅವರು ಆಮೇಲೆ ಜಪಾನ್ ಸೀರೀಸ್‌ನಲ್ಲಿ ಹನ್ಶಿನ್‌ನನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿದರು, ಒಟ್ಟು ರನ್ 33-4. ಹನ್ಶಿನ್ ಅಭಿಮಾನಿಗಳ ಎದುರು ಆ ಎರಡು ಸಂಖ್ಯೆ ಇವತ್ತಿಗೂ ಎತ್ತಬಾರದು.

2007ರಲ್ಲಿ ಎರಡೂ ಲೀಗಿಗೆ ಕ್ಲೈಮ್ಯಾಕ್ಸ್ ಸೀರೀಸ್ ಬಂದಾಗ ಇದನ್ನು ಸರಿಪಡಿಸಿದರು. ಲೀಗ್ ಪತಾಕೆ ಈಗ ಪೂರ್ತಿ ಋತುವಿನಲ್ಲಿ ಮೊದಲು ಬಂದವರದೇ. ಈ ಚರ್ಚೆಯಲ್ಲಿ ಅದೇ ಮುಖ್ಯ ಅನ್ನಿಸುತ್ತದೆ. 2024ರ ಪೆಸಿಫಿಕ್ ಲೀಗ್ ಚಾಂಪಿಯನ್ ಹಾಕ್ಸ್, ಸೆಂಟ್ರಲ್ ಲೀಗ್ ಚಾಂಪಿಯನ್ ಜೈಂಟ್ಸ್. 91 ಗೆಲುವನ್ನು ಯಾರೂ ಅಳಿಸಿಲ್ಲ. ಜಪಾನ್ ಸೀರೀಸ್ ಬೇರೆ ಕಿರೀಟ.

ಇನ್ನೊಂದು. 1973ರಲ್ಲಿ ಪೆಸಿಫಿಕ್ ಲೀಗ್ ಋತುವನ್ನು ಎರಡು ಭಾಗ ಮಾಡಿ, ಎರಡರ ವಿಜೇತರನ್ನು ಪ್ಲೇಆಫ್ ಆಡಿಸಿತ್ತು. ಮೊದಲ ಭಾಗ ಗೆದ್ದ ನಾನ್ಕಾಯ್ ಹಾಕ್ಸ್, ಎರಡನೇ ಭಾಗದಲ್ಲಿ, ಆ ಭಾಗ ಗೆದ್ದ ಹಾಂಕ್ಯು ಎದುರು 13 ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ, 12 ಸೋಲು, 1 ಡ್ರಾ. ಇಡೀ ವರ್ಷದ ಲೆಕ್ಕದಲ್ಲಿ ಅವರು ಮೂರನೆಯವರು. ಆದರೂ ಪ್ಲೇಆಫ್‌ನಲ್ಲಿ ಅದೇ ಹಾಂಕ್ಯುವನ್ನು 3-2ರಿಂದ ಸೋಲಿಸಿ ಲೀಗ್ ಚಾಂಪಿಯನ್ ಆದರು. ಆ ನಾನ್ಕಾಯ್ ತಂಡವೇ 1989ರಲ್ಲಿ ಫುಕುವೊಕಾಕ್ಕೆ ಬಂದು, ಈಗ ಸಾಫ್ಟ್‌ಬ್ಯಾಂಕ್ ಹಾಕ್ಸ್ ಆಗಿರುವುದು.

ಹಕಾತಾ ಹಾಕ್ಸ್
1973ರದ್ದು ತಿಳಿದಿರಲಿಲ್ಲ. ಎರಡು ಸಲ ಓದಿದೆ. ಹೇಳಿದ್ದಕ್ಕೆ ಧನ್ಯವಾದ.

ಸುಮ್ಮನೆ ಓದುವವಳು
ಒಂದು ಸಣ್ಣ ಪ್ರಶ್ನೆ. ಮೂರನೇ ಸ್ಥಾನದವರನ್ನು ಒಳಗೆ ಬಿಡುವ ಅಗತ್ಯವಾದರೂ ಏನಿತ್ತು? ಆರರಲ್ಲಿ ಮೂರು ಅಂದರೆ ಅರ್ಧಕ್ಕರ್ಧ.

ಹಳೇ ಸ್ಕೋರ್‌ಬುಕ್
ಮೊದಲು ಆಗಸ್ಟ್‌ನಲ್ಲಿ ಒಂದು ತಂಡ ಹತ್ತು ಪಂದ್ಯ ಮುಂದೆ ಹೋದರೆ ಉಳಿದ ಐದು ಊರುಗಳಲ್ಲಿ ಸೆಪ್ಟೆಂಬರ್ ಪಂದ್ಯಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ಈಗ ಮೂರನೇ ಸ್ಥಾನಕ್ಕೂ ಹೊಡೆದಾಟ ಇದೆ. 2024ರಲ್ಲೇ ನೋಡಿ, ಸೆಪ್ಟೆಂಬರ್ ಆರಂಭದಲ್ಲಿ ಸೆಂಟ್ರಲ್ ಲೀಗಿನ ಮುಂಚೂಣಿಯಲ್ಲಿದ್ದ ಹಿರೊಶಿಮಾ ಆ ಒಂದೇ ತಿಂಗಳಲ್ಲಿ ಕುಸಿದು ನಾಲ್ಕಕ್ಕೆ ಇಳಿಯಿತು. ಮೂರನೇ ಜಾಗಕ್ಕೆ ಬಂದದ್ದೇ ಬೇಸ್ಟಾರ್ಸ್. ಕ್ರೀಡಾಂಗಣ ತುಂಬುವುದು, ಟಿಕೆಟ್ ಹಣ ಬರುವುದು, ಅದೂ ಕಾರಣವೇ.

ಲೆಕ್ಕದ ಮೇಷ್ಟ್ರು
ಎರಡು ಕಿರೀಟ ಬೇರೆ ಬೇರೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಜನ ಹಾಗೆ ನೋಡುತ್ತಾರೆಯೇ? ಹತ್ತು ವರ್ಷ ಬಿಟ್ಟು 2024 ಅಂದರೆ ಯೊಕೊಹಾಮಾ ಅನ್ನುತ್ತಾರೆ. 91 ಗೆಲುವು ಯಾರಿಗೂ ನೆನಪಿರುವುದಿಲ್ಲ. ನನ್ನ ತಕರಾರು ಅಷ್ಟೇ. ಅಂತರ ದೊಡ್ಡದಿದ್ದರೆ ಮೊದಲ ತಂಡಕ್ಕೆ ಒಂದರ ಬದಲು ಎರಡು ಗೆಲುವಿನ ಅನುಕೂಲ ಕೊಡಲಿ.

ಕನ್ನೈ ನಿವಾಸಿ
ಆ ಸಲಹೆಗೆ ನನ್ನ ವಿರೋಧವಿಲ್ಲ. 8 ಪಂದ್ಯ ಹಿಂದಿದ್ದವರನ್ನು ಇನ್ನಷ್ಟು ಕಷ್ಟದ ದಾರಿಯಲ್ಲಿ ಕಳಿಸಲಿ.

ನಾನು ಯಾಕೆ ಇಷ್ಟು ಹಚ್ಚಿಕೊಂಡಿದ್ದೇನೆ ಅಂತ ಹೇಳಬೇಕು. ಈ ತಂಡ 2008ರಿಂದ 2012ರವರೆಗೆ ಸತತ ಐದು ವರ್ಷ ಕೊನೆಯ ಸ್ಥಾನದಲ್ಲಿತ್ತು. 2011ರಲ್ಲಿ ಇಡೀ ವರ್ಷಕ್ಕೆ ಬಂದ ಪ್ರೇಕ್ಷಕರು 11 ಲಕ್ಷ. ಆ ವರ್ಷದ ಕೊನೆಗೆ ಮೊಬೈಲ್ ಗೇಮ್ ಕಂಪನಿ ಡಿಎನ್‌ಎ ತಂಡವನ್ನು ಕೊಂಡಿತು. 2024ರಲ್ಲಿ 23 ಲಕ್ಷ ದಾಟಿತು. ಆಗ ಮ್ಯಾನೇಜರ್ (ಮುಖ್ಯ ಕೋಚ್) ಆಗಿದ್ದ ಮಿಉರಾ ದೈಸುಕೆ 1992ರಿಂದ 2016ರವರೆಗೆ ಇದೊಂದೇ ತಂಡಕ್ಕೆ ಪಿಚ್ ಮಾಡಿದವರು, 172 ಗೆಲುವು. 1998ರ ಗೆಲುವಿನಲ್ಲೂ ಇದ್ದರು, ಆ ಐದು ಕತ್ತಲ ವರ್ಷಗಳಲ್ಲೂ ಇದ್ದರು, ಬಿಟ್ಟು ಹೋಗಲಿಲ್ಲ. ಮ್ಯಾನೇಜರ್ ಆದ ಮೊದಲ ವರ್ಷ, 2021ರಲ್ಲಿ, ಮತ್ತೆ ಕೊನೆಯ ಸ್ಥಾನ. ಅಂಥವರನ್ನು ಹುಡುಗರೆಲ್ಲ ಸೇರಿ ಮೇಲಕ್ಕೆ ಎಸೆದು ಹಿಡಿಯುವುದನ್ನು ಕಂಡಾಗ ಕಣ್ಣು ತುಂಬಿತು.

ಆದರೆ ಇದನ್ನೂ ಒಪ್ಪಲೇಬೇಕು. ನಮ್ಮ ಕೊನೆಯ ಲೀಗ್ ಪತಾಕೆ ಇನ್ನೂ 1998ರದ್ದೇ. 26 ವರ್ಷದ ಕಾಯುವಿಕೆಯಲ್ಲಿ ಮುಗಿದದ್ದು ಒಂದು ಪಾಲು ಮಾತ್ರ. ಸಹೋದ್ಯೋಗಿಗೆ ಅದನ್ನೇ ಹೇಳುತ್ತೇನೆ. ಜಪಾನ್ ಸೀರೀಸ್ ನಮ್ಮದು, ಯಾರ ಮುಂದೂ ತಲೆ ತಗ್ಗಿಸುವುದಿಲ್ಲ. ಲೀಗ್ ಇನ್ನೂ ಬಾಕಿ ಇದೆ.

ಹಕಾತಾ ಹಾಕ್ಸ್
ಹೀಗೆ ಹೇಳಿದರೆ ನನಗೆ ಜಗಳವಿಲ್ಲ.

ನನ್ನ ಕಡೆಯಿಂದಲೂ ಒಂದು ಒಪ್ಪಿಕೊಳ್ಳುತ್ತೇನೆ. ಯೊಕೊಹಾಮಾದಲ್ಲಿ ಮೊದಲ ಎರಡು ಗೆದ್ದಾಗ (5-3, 6-3) ಜಪಾನ್ ಸೀರೀಸ್‌ನಲ್ಲಿ ನಮ್ಮದು ಸತತ 14 ಗೆಲುವು, 2018ರಿಂದ. ಮನೆಗೆ ಬಂದು ಮುಗಿಸುತ್ತೇವೆ ಅಂದುಕೊಂಡೆ. ಮೂರನೇ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ಒಂದು ರನ್ ಬಂತು. ಅಲ್ಲಿಂದ 29 ಇನಿಂಗ್ಸ್ ಒಂದೇ ಒಂದು ರನ್ ಇಲ್ಲ, ಜಪಾನ್ ಸೀರೀಸ್ ಇತಿಹಾಸದಲ್ಲೇ ಇಷ್ಟು ದೀರ್ಘ ಬರ ಯಾರಿಗೂ ಬಂದಿರಲಿಲ್ಲ. 4-1, 5-0, 7-0, ಮೂರೂ ನಮ್ಮ ಡೋಮ್‌ನಲ್ಲೇ. ನಾಲ್ಕನೆಯದರಲ್ಲಿ ನಿಮ್ಮ ಪಿಚರ್ ಆಂಥನಿ ಕೇ ಏಳು ಇನಿಂಗ್ಸ್, ಐದನೆಯದರಲ್ಲಿ ಆಂಡ್ರೆ ಜಾಕ್ಸನ್ ಏಳು ಇನಿಂಗ್ಸ್, ಇಬ್ಬರೂ ಕೊಟ್ಟದ್ದು ಸೊನ್ನೆ ರನ್. ಮೂರು ರಾತ್ರಿಯೂ ಕೊನೆಯವರೆಗೆ ಕೂತಿದ್ದೆ. ಅದೃಷ್ಟ ಅಂತ ಅನ್ನಿಸಲಿಲ್ಲ. ನಮ್ಮ ಹುಡುಗರಿಗೆ ಚೆಂಡು ಸಿಗುತ್ತಲೇ ಇರಲಿಲ್ಲ.

ಚಿನ್ನಸ್ವಾಮಿ ಗ್ಯಾಲರಿ
ಈ ಭಾನುವಾರ ಒಂದು ಪಂದ್ಯ ಪೂರ್ತಿ ನೋಡೋಣ ಅಂತಿದ್ದೇನೆ. ಯಾವುದು ನೋಡಲಿ? 11-2ರದ್ದೇ?

ಕನ್ನೈ ನಿವಾಸಿ
ಬೇಡ. ಆರನೆಯದರಲ್ಲಿ ಐದನೇ ಇನಿಂಗ್ಸಿನಲ್ಲೇ 7 ರನ್ ಬಂದು ಕುತೂಹಲ ಮುಗಿದುಹೋಗುತ್ತದೆ. ನಮಗೆ ಹಬ್ಬ, ಹೊಸಬರಿಗೆ ಆಟ ಗೊತ್ತಾಗುವುದಿಲ್ಲ.

ಮೂರನೇ ಪಂದ್ಯ ನೋಡಿ. ಕಾಲು ನೋವಾಗಿದ್ದ ಅಜುಮಾ ಎರಡು ವಾರದ ನಂತರ ವಾಪಸ್ ಬಂದ ರಾತ್ರಿ. ಏಳು ಇನಿಂಗ್ಸಿನಲ್ಲಿ ಹತ್ತು ಹಿಟ್ ಕೊಟ್ಟರು, ರನ್ ಕೊಟ್ಟದ್ದು ಒಂದೇ. ಹೆಚ್ಚುಕಡಿಮೆ ಪ್ರತಿ ಇನಿಂಗ್ಸಿನಲ್ಲೂ ಯಾರೋ ಒಬ್ಬರು ಬೇಸ್ ಮೇಲೆ ನಿಂತೇ ಇರುತ್ತಾರೆ, ಮನೆ (ಮುಟ್ಟಿದರೆ ರನ್ ಬರುವ ಕೊನೆಯ ಬೇಸ್) ಮುಟ್ಟುವುದಿಲ್ಲ. ಐದರಲ್ಲಿ ಕುವಹರಾ ಮಸಯುಕಿ ಹೋಂ ರನ್. ಸರಣಿಯ ಶ್ರೇಷ್ಠ ಆಟಗಾರ ಆದದ್ದು ಅವರೇ. ಆದರೆ ನೀವು ಚೆಂಡಿಗಿಂತ ಹೆಚ್ಚು ತೊಬಶಿರಾ ಕೈಗವಸನ್ನು ನೋಡುತ್ತಿರಿ. ಬೇಸ್ ಮೇಲೆ ಜನ ಇದ್ದಾಗ ಅದನ್ನು ಎಲ್ಲಿ ಇಡುತ್ತಾರೆ ಅಂತ.

ಹಕಾತಾ ಹಾಕ್ಸ್
ಮೊದಲ ಇನಿಂಗ್ಸ್ ತಪ್ಪಿಸಬೇಡಿ. ನಮ್ಮ ರನ್ ಅದೊಂದೇ.